ಐನೂರು ಪ್ರತಿಯ ಹೊಸ್ತಿಲು

ಟೋಕಿಯೋದ ಮಿನಾಟೋ ವಾರ್ಡಿನ ಅಜಬುದಾಯ್‌ನಲ್ಲಿ 2023ರ ನವೆಂಬರಿನಲ್ಲಿ ಒಂದು ಭಾರೀ ಸಂಕೀರ್ಣ ತೆರೆಯಿತು. ಅದರ ನಡುವಿನ ಕಟ್ಟಡ ಜಪಾನಿನಲ್ಲೇ ಅತಿ ಎತ್ತರದ್ದು. ಹೆಸರು ಮೋರಿ ಜೆಪಿ ಟವರ್. ಜೆಪಿ ಎಂದರೆ ಜಪಾನ್ ಪೋಸ್ಟ್. ಅಲ್ಲಿ ಹಿಂದೆ ಇದ್ದದ್ದು 1930ರಲ್ಲಿ ಕಟ್ಟಿದ ಅಂಚೆ ಇಲಾಖೆಯ ಕಟ್ಟಡ. 1969ರಲ್ಲಿ ಕಸುಮಿಗಸೆಕಿಗೆ ಹೋಗುವವರೆಗೆ ಅಂಚೆ ಸಚಿವಾಲಯವೇ ಅಲ್ಲಿತ್ತು. ಇಂಥ ಜಾಗದ ಒಡೆತನವಿರುವ ಅಂಚೆ ಸಂಸ್ಥೆ ಐವತ್ತು ಗ್ರಾಮೂ ತೂಗದ ಒಂದು ಮಕ್ಕಳ ಪತ್ರಿಕೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ನೋಡಬೇಕೆನಿಸಿತು.

ಜಪಾನಿನ ಎಷ್ಟೋ ಪತ್ರಿಕೆಗಳ ಮೇಲಂಚಿನಲ್ಲಿ ಸಣ್ಣಕ್ಷರದ ಒಂದು ಸಾಲು ಕಾಣುತ್ತದೆ: ಇಂಥ ವರ್ಷ, ಇಂಥ ದಿನ, ಮೂರನೇ ದರ್ಜೆಯ ಟಪಾಲಾಗಿ ಮಂಜೂರು. ಟಪಾಲನ್ನು ದರ್ಜೆಗಳಾಗಿ ವಿಂಗಡಿಸಿದ್ದು 1882ರ ನಿಯಮಾವಳಿ: ಮೊದಲನೆಯದು ಪತ್ರ, ಎರಡನೆಯದು ಕಾರ್ಡು, ಮೂರನೆಯದು ನಿಯತಕಾಲಿಕ. ಪತ್ರಿಕೆಗಳ ಮೇಲಿನ ಒಲವು ಅದಕ್ಕೂ ಹಳೆಯದು. ಆಧುನಿಕ ಅಂಚೆಗೆ ಅಡಿಪಾಯ ಹಾಕಿದ ಮಾಯೆಜಿಮಾ ಹಿಸೋಕ 1872ರಲ್ಲಿ ಒಂದು ಪತ್ರಿಕೆ ಹುಟ್ಟಲೂ ಕಾರಣರಾದರು. ಮರುವರ್ಷ, ಪತ್ರಿಕೆಗಳಿಗೆ ಕಳಿಸುವ ಬರಹಕ್ಕೆ ಅಂಚೆ ವೆಚ್ಚವೇ ಇಲ್ಲವೆಂದಾಯಿತು. ಅಂಚೆಯ ಯಜಮಾನ ಪತ್ರಿಕೆಯವನೂ ಆದದ್ದು ಸರಿಯೇ ಎಂದು ಇಂದಿನವರು ಕೇಳಬಹುದು. ಆದರೆ ಓದುವ ಕಾಗದ ಅಗ್ಗವಾಗಿ ಸಾಗಬೇಕೆಂಬ ಹಟ ಅಲ್ಲಿಂದಲೇ ಬಂತು.

ಆ ಹಟದ ಒಂದು ತುಣುಕು ಇಂದಿನ ಕಾಯ್ದೆಯಲ್ಲೂ ಉಳಿದಿದೆ. ಮೂರನೇ ದರ್ಜೆಯ ದರ ಅಷ್ಟೇ ತೂಕದ ಪತ್ರದ ದರಕ್ಕಿಂತ ಕಡಿಮೆ ಇರಲೇಬೇಕು. ಅದಕ್ಕೆ ಮಂತ್ರಿಯ ಒಪ್ಪಿಗೆಯೂ ಬೇಕು. ಈ ದರ್ಜೆಯಲ್ಲಿ ಅಂಚೆಗೆ ಆಗುವುದು ನಷ್ಟವೇ, ಆದರೂ ನಡೆಸುತ್ತಿದ್ದಾರೆ. ಇದನ್ನು ಮೆಚ್ಚಬೇಕು.

ತಕರಾರು ಇರುವುದು ಬಾಗಿಲಲ್ಲಿ. ಪತ್ರಿಕೆ ವರ್ಷಕ್ಕೆ ನಾಲ್ಕು ಸಲವಾದರೂ ಹೊರಬರಬೇಕು, ಜಾಹೀರಾತು ಅರ್ಧ ಮೀರಬಾರದು, ಇದು ನ್ಯಾಯವೇ. ಆದರೆ ಪ್ರತಿ ಸಂಚಿಕೆ ಕನಿಷ್ಠ 500 ಪ್ರತಿ ಹೋಗಬೇಕು, ಅದರಲ್ಲಿ ನೂರಕ್ಕೆ 80ರಷ್ಟು ದುಡ್ಡಿಗೆ ಮಾರಾಟವಾಗಿರಬೇಕು. ಬೇಸಿಗೆ ರಜೆಯಲ್ಲಿ ನಾಲ್ಕು ಮಕ್ಕಳು ಸೇರಿ ತಂದ ಪತ್ರಿಕೆ, ಗ್ರಂಥಾಲಯದ ಓದುಗೂಟದ ಹಾಳೆ, ಟೋಕಿಯೋದ ಕನ್ನಡ ಮನೆಗಳ ಮಕ್ಕಳು ಬರೆದದ್ದನ್ನು ಕಟ್ಟಿ ಅಜ್ಜಿ-ತಾತಂದಿರಿಗೂ ಗೆಳೆಯರಿಗೂ ಕಳಿಸುವ ಸಂಚಿಕೆ, ಯಾವುದೂ ಈ ಹೊಸ್ತಿಲು ದಾಟುವುದಿಲ್ಲ. ಇತ್ತ ಹೊಸ್ತಿಲು ದಾಟಿದ ದೊಡ್ಡ ಮಕ್ಕಳ ಪತ್ರಿಕೆಗಳಿಗೆ ಅಂಚೆಯ ಹಂಗು ಕಡಿಮೆ. 1936ರಲ್ಲಿ ಶುರುವಾದ ಮೈನಿಚಿಯ ಮಕ್ಕಳ ದಿನಪತ್ರಿಕೆಯಾಗಲಿ, 1967ರ ಅಸಾಹಿಯದಾಗಲಿ, ಹೆಚ್ಚಾಗಿ ಮನೆಗೆ ಬರುವುದು ಪೇಪರ್ ಏಜೆಂಟರ ಹುಡುಗರ ಕೈಯಿಂದ. ಅಂಚೆಯೇ ಗತಿಯಾದವರು ಚಿಕ್ಕವರು.

ದರಪಟ್ಟಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ 50 ಗ್ರಾಂ ಪತ್ರದ ದರ 94ರಿಂದ 110 ಯೆನ್‌ಗೆ ಹೋಯಿತು. ಅಷ್ಟೇ ತೂಕದ ಮೂರನೇ ದರ್ಜೆ 63ರಿಂದ 85ಕ್ಕೆ. ಪತ್ರಕ್ಕೆ ನೂರಕ್ಕೆ ಹದಿನೇಳು ಏರಿದರೆ, ರಿಯಾಯಿತಿಯದು ಎನ್ನುವ ದರ್ಜೆಗೆ ಮೂವತ್ತೈದು! ತಿಂಗಳಿಗೆ ಮೂರು ಸಲವಾದರೂ ಹೊರಡುವ ಸುದ್ದಿಪತ್ರಿಕೆಗೆ ಮಾತ್ರ 50 ಯೆನ್. ಪದೇಪದೇ ಅಚ್ಚು ಹಾಕುವ ತಾಕತ್ತಿದ್ದವನಿಗೆ ಅಗ್ಗ, ಮೂರು ತಿಂಗಳಿಗೊಮ್ಮೆ ಏದುಸಿರು ಬಿಡುತ್ತ ತರುವವನಿಗೆ ತುಟ್ಟಿ. ಇನ್ನೂರು ಚಂದಾದಾರರ ತ್ರೈಮಾಸಿಕವೊಂದನ್ನು ಪತ್ರದ ದರದಲ್ಲಿ ಕಳಿಸಿದರೆ ವರ್ಷಕ್ಕೆ 88,000 ಯೆನ್ ಬೇಕು. ಮೂರನೇ ದರ್ಜೆ ಸಿಕ್ಕಿದ್ದರೆ 68,000. ಅದಕ್ಕೆ ಸಿಗುವುದೇ ಇಲ್ಲ, ಆ ಮಾತು ಬೇರೆ.

ಇದೇ ದರಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಅಂಗವಿಕಲರ ಸಂಘಗಳ ಪತ್ರಿಕೆಗೆ 8 ಯೆನ್, ಅಷ್ಟು ಬೇಗಬೇಗ ಬಾರದವಕ್ಕೆ 15. ಈ ಎರಡನ್ನು 2024ರಲ್ಲೂ ಮುಟ್ಟಲಿಲ್ಲ. ಅಂಧರ ಬ್ರೈಲ್ ಟಪಾಲಿಗಂತೂ ಶುಲ್ಕವೇ ಇಲ್ಲ. ಮನಸ್ಸಿದ್ದರೆ ಹೊರೆ ಹೊರಲು ಬರುತ್ತದೆ ಎಂದಾಯಿತು. ಈ ಸಂಘಗಳ ಜಾಣ್ಮೆಯೂ ಕಲಿಯಬೇಕಾದದ್ದೇ. ಟೋಕಿಯೋ ಕಡೆಯ ಇಂಥ ಎಷ್ಟೋ ಪುಟ್ಟ ಸಂಚಿಕೆಗಳ ಮುಖಪುಟದ ಮೂಲೆಯಲ್ಲಿ ಎಸ್‌ಎಸ್‌ಕೆಯಿಂದ ಶುರುವಾಗುವ ನಾಲ್ಕಕ್ಷರ ಇರುತ್ತದೆ. ಒಸಾಕಾ ಕಡೆ ಕೆಎಸ್‌ಕೆಪಿ. ಒಬ್ಬೊಬ್ಬರಿಗೂ ತಿಂಗಳಿಗೆ ಮೂರು ಸಂಚಿಕೆ ಆಗದ ಮಾತು. ಹಾಗಾಗಿ ಎಲ್ಲರೂ ಒಂದು ಒಕ್ಕೂಟದ ಒಂದೇ ಪತ್ರಿಕೆಯ ಬೇರೆಬೇರೆ ಸಂಚಿಕೆಗಳೆಂದು ಸೇರಿಕೊಂಡರು. ಮಕ್ಕಳ ಪತ್ರಿಕೆಗಳಿಗೂ ಈ ದಾರಿ ಇದೆ, ಕೂಡಿಸುವವರು ಬೇಕಷ್ಟೆ.

ದುರುಪಯೋಗದ ಮಾತು ಬಂದೇ ಬರುತ್ತದೆ. 8 ಯೆನ್‌ನ ಈ ರಿಯಾಯಿತಿಯಲ್ಲಿ ಅಂಗಡಿಗಳ ಜಾಹೀರಾತು ರಾಶಿರಾಶಿ ಹೋಗಿತ್ತು. ಒಂದು ಸುಳ್ಳು ಸಂಘ, ಒಂದು ಸುಳ್ಳು ಪ್ರಮಾಣಪತ್ರ. ಆ ಪ್ರಮಾಣಪತ್ರದ ಆರೋಪದ ಮೇಲೆ 2009ರಲ್ಲಿ ಹಿರಿಯ ಅಧಿಕಾರಿ ಮುರಾಕಿ ಅತ್ಸುಕೊ ಅವರ ಬಂಧನವಾಯಿತು. 2010ರಲ್ಲಿ ಅವರು ನಿರ್ದೋಷಿ ಎಂದು ತೀರ್ಪು ಬಂತು, ಫ್ಲಾಪಿ ಡಿಸ್ಕಿನ ದಾಖಲೆ ತಿದ್ದಿದ ಸರ್ಕಾರಿ ವಕೀಲರೇ ಸಿಕ್ಕಿಬಿದ್ದರು. ಮೋಸ ಮಾಡಿದವರು ದೊಡ್ಡ ಸಂಖ್ಯೆಯಲ್ಲಿ ಕಳಿಸುವವರು. 500ರ ಬೇಲಿ ಅವರನ್ನು ತಡೆಯಲಿಲ್ಲ; ತಡೆಯುವುದು ಇನ್ನೂರು ಪ್ರತಿಯವರನ್ನು.

ನಮ್ಮ ಭಾರತದಲ್ಲಿ ತಪ್ಪು ಬೇರೆ ದಿಕ್ಕಿನದು. 1898ರ ಅಂಚೆ ಕಾಯ್ದೆಯ ಕಾಲದ ನಿಯಮಕ್ಕೆ ಐವತ್ತು ನಿಜವಾದ ಚಂದಾದಾರರಿದ್ದರೆ ಸಾಕಿತ್ತು, 50 ಗ್ರಾಂವರೆಗಿನ ನೋಂದಾಯಿತ ಪತ್ರಿಕೆ ಬಹುಕಾಲ 25 ಪೈಸೆಗೆ ಹೋಯಿತು. ಎಷ್ಟು ಉದಾರ! ಆದರೆ ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದಿತ್ತು, ಒಳಗಿರುವುದು ಬಹುಪಾಲು ಸುದ್ದಿಯೋ ಪ್ರಚಲಿತ ವಿಷಯವೋ ಆಗಿರಬೇಕಿತ್ತು. ಕಥೆ, ಒಗಟು, ಮಕ್ಕಳ ಚಿತ್ರಗಳ ತ್ರೈಮಾಸಿಕ ಎಲ್ಲಿಗೆ ಹೋಗಬೇಕಿತ್ತು? ಪುಸ್ತಕದ ಅಂಚೆಗೆ ಎನ್ನಬಹುದಿತ್ತು. ಆದರೆ 2024ರ ಡಿಸೆಂಬರಿನಲ್ಲಿ ಮುದ್ರಿತ ಪುಸ್ತಕಗಳ ನೋಂದಾಯಿತ ಅಂಚೆ ಸೇವೆಯನ್ನೂ ನಿಲ್ಲಿಸಿದ್ದರಿಂದ ಪ್ರಕಾಶಕರು ತಲೆಮೇಲೆ ಕೈಹೊತ್ತರು. ಜಪಾನ್ ನಾಲ್ಕು ಸಂಚಿಕೆಗೆ ಒಪ್ಪಿ ಸಂಖ್ಯೆಯಲ್ಲಿ ಹಿಡಿಯುತ್ತದೆ, ನಾವು ಸಂಖ್ಯೆಗೆ ಒಪ್ಪಿ ದಿನದ ಲೆಕ್ಕದಲ್ಲಿ ಹಿಡಿದೆವು. ಅವರ ನಾಲ್ಕು, ನಮ್ಮ ಐವತ್ತು ಎರಡೂ ಒಂದೇ ನಿಯಮದಲ್ಲಿ ಕೂಡಿದ್ದರೆ ಸಾಕಿತ್ತು.

ಜಪಾನಿನಲ್ಲಿ ಇದನ್ನು ಸರಿಪಡಿಸಲು ಸಂಸತ್ತಿನವರೆಗೆ ಹೋಗಬೇಕಾಗಿಲ್ಲ. ಕಾಯ್ದೆ ಮುಖ್ಯವಾಗಿ ಕೇಳುವುದು ಸಾರ್ವಜನಿಕ ವಿಷಯ, ಎಲ್ಲರಿಗೂ ಮಾರಾಟ, ನಿಯಮಿತ ಪ್ರಕಟಣೆ ಇಷ್ಟನ್ನು. 500 ಮತ್ತು 80 ಎಂಬ ಅಂಕಿ ಇರುವುದು ಅಂಚೆ ಸಂಸ್ಥೆಯ ಷರತ್ತುಪತ್ರದಲ್ಲಿ. ಹದಿನೈದು ವರ್ಷದೊಳಗಿನವರ ಬರಹವೇ ಬಹುಪಾಲು ಇರುವ ಪತ್ರಿಕೆಗೆ 500 ಇದ್ದಲ್ಲಿ 100 ಎಂದು ತಿದ್ದಿ, ಮಂತ್ರಿಯ ಒಪ್ಪಿಗೆ ತಂದರೆ ಆಯಿತು.