ಬಾನೆಟ್ಟಿನ ಕೆಳಗೆ ಎರಡು ಕಾಲ

ಇಂಜಿನ್ನಿನಿಂದ ಹೊಸದೊಂದು ಸದ್ದು ಕೇಳಿಸಿತೆಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವುದು ರೇಡಿಯೊ ಜೋರು ಮಾಡುವ ಕೆಲಸ. ಆಮೇಲೆ ರಿಪೇರಿಗೆ ಎಷ್ಟು ಡಾಲರ್ ಬಿದ್ದೀತೆಂಬ ಲೆಕ್ಕ. ಇವೆರಡರ ನಡುವೆ, ಬಾನೆಟ್ ಎತ್ತಿ ಕೈಕಟ್ಟಿ ನಿಂತು ಸುಮ್ಮನೆ ಕೇಳುವ ಸುಖವೊಂದಿದೆ. ಆಯಿಲ್ ದೀಪ ಹತ್ತಿಕೊಂಡಿದ್ದರೆ ಮಾತ್ರ ಈ ರಸಿಕತೆ ಬೇಡ, ಕೂಡಲೇ ಇಂಜಿನ್ ಆಫ್ ಮಾಡಿ. ಇಲ್ಲವಾದರೆ ಐದು ನಿಮಿಷ ಕೇಳಿದರೆ ನಷ್ಟವೇನಿಲ್ಲ.

ಬೇ ಏರಿಯಾದ ಕನ್ನಡಿಗರಿಗೆ ಇಂಥ ಸದ್ದು ಕೇಳಲು ಒಳ್ಳೆಯ ಜಾಗ ದೇವಸ್ಥಾನದ ದಾರಿಯಲ್ಲೇ ಇದೆ. ಫ್ರೀಮಾಂಟಿನಿಂದ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟರೆ, 680 ಹೆದ್ದಾರಿಯಲ್ಲಿ ಮಿಷನ್ ಬುಲೆವಾರ್ಡ್ ದಾಟಿದ ಮೇಲೆ ಸುನೋಲ್ ಏರು ಸಿಗುತ್ತದೆ. ಸಮತಟ್ಟಿನಲ್ಲಿ ತೆಪ್ಪಗಿದ್ದ ಹಳೆಯ ಕಾರು, ಐದು ಜನ ಕೂತು ಡಿಕ್ಕಿ ತುಂಬ ಪಾತ್ರೆಯಿಟ್ಟುಕೊಂಡು ಅಲ್ಲಿ ಹತ್ತುವಾಗ ಕಿಣಿಕಿಣಿ ಎನ್ನತೊಡಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮಾಯ, ಒತ್ತಿದರೆ ಮತ್ತೆ ಹಾಜರು. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಉರಿ ಮೂಲೆಗೆ ತಲುಪುವ ಮೊದಲೇ ಅಲ್ಲಿನ ಪೆಟ್ರೋಲ್-ಗಾಳಿ ಒತ್ತಡಕ್ಕೆ ಕಾದು ತಾನೇ ಹೊತ್ತಿಕೊಂಡಾಗ ಹುಟ್ಟುವ ಸದ್ದಿದು, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ನಾಕ್’. ಆ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿದಾಡುತ್ತದೆ. 86 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ಅದರ ಸ್ವರ ಸೆಕೆಂಡಿಗೆ ಸುಮಾರು ಆರೂವರೆ ಸಾವಿರ ಕಂಪನ. ಸಿಲಿಂಡರ್ ಅಗಲವಾದಷ್ಟೂ ಶ್ರುತಿ ಕೆಳಗಿಳಿಯುತ್ತದೆ. ಇಂದಿನ ಕಾರುಗಳಲ್ಲಿ ಇಂಜಿನ್ನಿಗೇ ಬಿಗಿದ ನಾಕ್ ಸೆನ್ಸರ್ ಇದೇ ಸ್ವರಕ್ಕೆ ಕಿವಿಗೊಟ್ಟಿರುತ್ತದೆ. ಕೇಳಿದ ತಕ್ಷಣ ಕಂಪ್ಯೂಟರ್ ಕಿಡಿಯನ್ನು ಒಂದಿಷ್ಟು ತಡವಾಗಿಸುತ್ತದೆ, ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಸದ್ದೇ ಇರುವುದಿಲ್ಲ. ಅದಿಲ್ಲದ ಹಳೆಯ ಗಾಡಿಗೆ ಕ್ಯಾಲಿಫೋರ್ನಿಯಾದ ಬಂಕಿನಲ್ಲಿ 87ರ ಬದಲು 89 ಅಥವಾ 91 ಆಕ್ಟೇನಿನ ಪೆಟ್ರೋಲ್ ಹಾಕಿಸಿ ನೋಡಬೇಕು.

ಈ ಕಿಣಿಕಿಣಿಯನ್ನು ಅಡಗಿಸಲು ಜಗತ್ತು ತೆತ್ತ ಬೆಲೆ ದೊಡ್ಡದು. 1921ರಲ್ಲಿ ಅಮೆರಿಕದ ಇಂಜಿನಿಯರ್ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ನಾಕ್ ನಿಲ್ಲಿಸಿದ. ಇಂಜಿನ್ ಮೆತ್ತಗಾಯಿತು, ಸೀಸ ಮಕ್ಕಳ ರಕ್ತ ಸೇರಿತು. ರಸ್ತೆಯ ವಾಹನಗಳಿಗೆ ಅದು ಅಮೆರಿಕದಲ್ಲಿ ಪೂರ್ತಿ ನಿಂತದ್ದು 1996ರಲ್ಲಿ, ಭಾರತದಲ್ಲಿ 2000ದಲ್ಲಿ.

ಜನವರಿಯ ಬೆಳಗಿನದು ಬೇರೆಯೇ ಸದ್ದು. ಚಳಿಗೆ ಸ್ಟಾರ್ಟ್ ಮಾಡಿದಾಗ ಟೊಕ್ ಟೊಕ್ ಎಂದು ಶುರುವಾಗಿ, ಫ್ರೀವೇ ಹತ್ತುವ ಹೊತ್ತಿಗೆ ನಿಂತುಹೋಗುತ್ತದೆ. ತಣ್ಣಗಿದ್ದಾಗ ಅಲ್ಯೂಮಿನಿಯಂ ಪಿಸ್ಟನ್ ಸಿಲಿಂಡರಿನೊಳಗೆ ಕೊಂಚ ಸಡಿಲವಾಗಿ ಓಲಾಡುತ್ತದೆ, ಕಾದು ಹಿಗ್ಗಿದ ಮೇಲೆ ಸರಿಯಾಗಿ ಕೂರುತ್ತದೆ. ಬಿಸಿಯಾದ ಮೇಲೆ ಪೂರ್ತಿ ನಿಂತರೆ ಸಾಮಾನ್ಯವಾಗಿ ಗಾಬರಿಪಡುವಂಥದ್ದಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಯದ ವಿಚಾರ. ಇಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದೇ ಸುತ್ತು. ಸಂಗೀತಪಾಠದಲ್ಲಿ ಅದೇ ಸರಳೆ ವರಸೆಯನ್ನು ಒಂದನೇ ಕಾಲ, ಎರಡನೇ ಕಾಲದಲ್ಲಿ ಹಾಡಿಸುತ್ತಾರಲ್ಲ, ಅದೇ ಲೆಕ್ಕ. ನಿಂತಲ್ಲೇ ಓಡುವ ಇಂಜಿನ್ ನಿಮಿಷಕ್ಕೆ 720 ಸುತ್ತಿನಲ್ಲಿದೆ ಎನ್ನಿ. ಕ್ರ್ಯಾಂಕ್ ಕಡೆಯ ಏಟು ಸೆಕೆಂಡಿಗೆ 12, ಒಂದಕ್ಕೊಂದು ಅಂಟಿಕೊಂಡು ಗುರುಗುಟ್ಟುತ್ತದೆ. ಒಂದು ವಾಲ್ವಿನ ಟ್ಯಾಪೆಟ್ ಸಡಿಲವಾಗಿದ್ದರೆ ಸೆಕೆಂಡಿಗೆ ಆರೇ ಏಟು; ಟಿಕ್ ಟಿಕ್ ಎಂದು ಬಿಡಿಬಿಡಿಯಾಗಿ, ಮೇಲಿನಿಂದ, ಹಗುರವಾಗಿ. ಕಿವಿಯಲ್ಲಿ ಈ ಎರಡು ಕಾಲ ಕೂತುಬಿಟ್ಟರೆ ಅರ್ಧ ಇಂಜಿನ್ ಬಿಚ್ಚಿ ನೋಡಿದ ಹಾಗೆಯೇ. ಹಳೆಯ ಮೆಕ್ಯಾನಿಕ್‌ಗಳು ಪ್ಲಗ್ ವೈರಿಗೆ, ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಸಿಕ್ಕಿಸಿ ಇದನ್ನು ಕಣ್ಣಿಗೂ ತೋರಿಸುತ್ತಿದ್ದರು. ದೀಪದ ಒಂದೊಂದು ಮಿನುಗಿಗೆ ಒಂದೊಂದು ಸದ್ದಾದರೆ ಕ್ಯಾಮ್ ಕಡೆಯದು, ಎರಡೆರಡಾದರೆ ಕ್ರ್ಯಾಂಕಿನದು.

ಇನ್ನು ಎಲ್ಲರೂ ಹೆದರುವ ರಾಡಿನ ಬಡಿತ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು, ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ನಿಲ್ಲದೆ, ಲೋಹ ಲೋಹಕ್ಕೆ ಹೊಡೆಯುವ ಢಕ್ ಢಕ್. ಇದರ ಪತ್ತೆಗೆ ಎರಡು ಸಾಮಾನು ಸಾಕು: ಒಂದು ಉದ್ದನೆಯ ಸ್ಕ್ರೂಡ್ರೈವರ್, ಒಂದಿಷ್ಟು ತಾಳ್ಮೆ. ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳುವುದು. ತಿರುಗುವ ಫ್ಯಾನ್, ಬೆಲ್ಟುಗಳಿಂದ ತೋಳು, ಕೂದಲು ದೂರವಿರಲಿ. ಗೊಂದಲದ ಗದ್ದಲವೆಲ್ಲ ಹೊರಗುಳಿದು, ಒಂದೊಂದು ಜಾಗ ಮುಟ್ಟಿದಾಗಲೂ ಒಂದೊಂದು ಬಗೆಯ ಸದ್ದು ಮೂಳೆಯ ಮೂಲಕ ಒಳಗೆ ಇಳಿಯುತ್ತದೆ. ಇಲ್ಲಿ ಇಂಜೆಕ್ಟರಿನ ಚಿಟಿಚಿಟಿ, ಅಲ್ಲಿ ನೀರಿನ ಪಂಪಿನ ಗೊರಗೊರ, ಕೆಳಗೆ ಆಯಿಲ್ ತೊಟ್ಟಿಯ ಹತ್ತಿರ ಬಂದರೆ ಆ ಢಕ್ ಢಕ್. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಗ್ಯಾರೇಜುಗಳಲ್ಲೂ ಇದೇ ಉಪಾಯ. ಸ್ಯಾನ್ ಹೋಸೆಯಲ್ಲಿ ಕೆಲವರು ಡಾಕ್ಟರರ ಹಾಗೆ ಸ್ಟೆತೊಸ್ಕೋಪ್ ತೊಟ್ಟುಕೊಳ್ಳುತ್ತಾರೆ ಅಷ್ಟೆ. ನನ್ನ ಮತ ಸ್ಕ್ರೂಡ್ರೈವರಿಗೆ.

ಆಮೇಲಿನದು ಇಡೀ ಪತ್ತೆಯ ಸೊಗಸಾದ ಘಟ್ಟ. ಬಲ್ಲ ಮೆಕ್ಯಾನಿಕ್ ಒಂದೊಂದೇ ಸಿಲಿಂಡರಿನ ಕಿಡಿ ಕ್ಷಣಕಾಲ ನಿಲ್ಲಿಸುತ್ತಾನೆ. ಒಂದನ್ನು ನಿಲ್ಲಿಸಿದ: ಇಂಜಿನ್ ಕುಂಟಿತು, ಬಡಿತ ಹಾಗೇ ಇದೆ. ಎರಡನೆಯದು: ಅದೇ. ಮೂರನೆಯದನ್ನು ನಿಲ್ಲಿಸಿದಾಗ ಬಡಿತ ಅಡಗಿತು! ಉರಿಯ ಒತ್ತಡ ಬೀಳದ ರಾಡು ಬೇರಿಂಗಿಗೆ ಗುದ್ದುವುದಿಲ್ಲ. ಸದ್ದನ್ನು ಹುಡುಕುತ್ತ ಬಂದವರಿಗೆ ಉತ್ತರ ಸಿಕ್ಕಿದ್ದು ಸದ್ದು ನಿಂತಾಗ. ಬಿಲ್ಲಿನ ಮೊತ್ತ ನಡುಗಿಸಿದರೂ ಆ ಒಂದು ಗಳಿಗೆಯ ತರ್ಕ ಎಷ್ಟು ನೇರ ಎಂದು ಮೆಚ್ಚದಿರಲು ನನಗಾಗದು.

ವೇಷಧಾರಿಗಳೂ ಇದ್ದಾರೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಫ್ಲೆಕ್ಸ್ ಪ್ಲೇಟ್ ಸೀಳಿದರೆ ಥೇಟ್ ರಾಡಿನ ಬಡಿತವೇ. ಸೈಲೆನ್ಸರ್ ಕೊಳವೆಯ ಮೇಲಿನ ತಗಡು ಸಡಿಲವಾದರೂ ಗಲಗಲ. ಬೆಲ್ಟ್ ಕಳಚಿ ಅರೆಕ್ಷಣ ಇಂಜಿನ್ ಓಡಿಸಿದಾಗ ಸದ್ದು ಹೋದರೆ, ತಪ್ಪು ಡೈನಮೊದ್ದೋ ಪಂಪಿನದ್ದೋ ಇರಬಹುದು. ಇಂಜಿನ್ ಬಿಚ್ಚಿಸುವ ಮೊದಲು ಇವನ್ನೆಲ್ಲ ನೋಡಿಸಿಕೊಳ್ಳದಿದ್ದರೆ ಅದು ಜೇಬಿಗೆ ಮಾಡಿದ ಅನ್ಯಾಯ.

ಫ್ರೀಮಾಂಟಿನ ಟೆಸ್ಲಾ ಕಾರ್ಖಾನೆಯಿಂದ ಹೊರಬರುವ ಕಾರುಗಳಲ್ಲಿ ಕ್ರ್ಯಾಂಕೂ ಇಲ್ಲ, ಕ್ಯಾಮೂ ಇಲ್ಲ. ಆ ಕಾರಿನವರು ಕಿವಿ ಪಳಗಿಸಿಕೊಳ್ಳಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೊದ ಬಂದರಿನಲ್ಲಿರುವ ಜೆರಮೈಯ ಒಬ್ರಯನ್ ಹಡಗು ಹತ್ತಬೇಕು. 1943ರಲ್ಲಿ ಕಟ್ಟಿದ್ದು, ನಾರ್ಮಂಡಿಯ ದಾಳಿಗೆ ಸಾಮಾನು ಸಾಗಿಸಿದ್ದು. ಟೈಟಾನಿಕ್ ಸಿನಿಮಾದ ಇಂಜಿನ್ ಕೋಣೆಯ ದೃಶ್ಯಗಳಿಗೆ ಬಳಸಿದ್ದು ಇದರದೇ ಉಗಿಯಂತ್ರವನ್ನು. ನಡುಗಡಲಿನಲ್ಲೂ ಅದರ ವೇಗ ನಿಮಿಷಕ್ಕೆ 76 ಸುತ್ತಷ್ಟೇ. ಬೇರಿಂಗ್ ಕಾದಿದೆಯೇ ಎಂದು ಕೈಯಿಂದಲೇ ಮುಟ್ಟಿ ನೋಡುವ ಪದ್ಧತಿ ಇಂಥ ಯಂತ್ರಗಳದು. ಕಟ್ಟೆಯಲ್ಲಿ ನಿಂತೇ ಇಂಜಿನ್ ನಡೆಸುವ ವಾರಾಂತ್ಯಗಳಿರುತ್ತವೆ, ಆಗ ಹೋಗಿ. 70 ಅಂಗುಲ ಅಗಲದ ದೊಡ್ಡ ಸಿಲಿಂಡರಿನ ಪಕ್ಕ ನಿಂತರೆ ಒಂದೊಂದು ಏಟನ್ನೂ ಬೆರಳೆಣಿಸಿ ಲೆಕ್ಕ ಹಾಕಬಹುದು. ಒಳಗೆ ಸೆಕೆಯೋ ಸೆಕೆ, ಸ್ವೆಟರ್ ಕಾರಿನಲ್ಲೇ ಬಿಟ್ಟುಹೋಗಿ.