ತುರ್ತು ಕಾಲುವೆಯ ಏರಿಯ ಮೇಲೆ

ಹಂಪಿಗೆ ಹೋದವರು ಕಲ್ಲಿನ ರಥ ನೋಡುತ್ತಾರೆ, ಕಮಲ ಮಹಲ್ ನೋಡುತ್ತಾರೆ. ವಿರೂಪಾಕ್ಷನ ಪೂಜೆಯ ಹಾಗೆ ಇವತ್ತಿಗೂ ನಿಲ್ಲದೆ ನಡೆದುಬಂದಿರುವ ತುರ್ತು ಕಾಲುವೆಯನ್ನು ಮಾತ್ರ ಗಮನಿಸದೆ ದಾಟಿಬಿಡುತ್ತಾರೆ. ವಿಜಯನಗರವನ್ನು ಅರಿಯಬೇಕೆಂದರೆ ಮೊದಲು ಅದರ ಏರಿ ಹತ್ತಬೇಕು.

ತುಂಗಭದ್ರೆಯ ಬಂಡೆಗಳನ್ನೇ ಆಸರೆ ಮಾಡಿಕೊಂಡು, ದೊಡ್ಡ ಕಲ್ಲುಗಳನ್ನು ಪೇರಿಸಿ ಕಟ್ಟಿದ ಗಿಡ್ಡ ಒಡ್ಡು ಈ ಕಾಲುವೆಯ ಮೂಲ. ಅದು ನೀರು ಕೂಡಿಡುವುದಿಲ್ಲ. ಮಟ್ಟವನ್ನು ತುಸು ಎತ್ತರಿಸಿ ಒಂದು ಪಾಲನ್ನು ಪಕ್ಕಕ್ಕೆ ತಿರುಗಿಸುತ್ತದೆ. ಹೊಳೆ ತುಂಬಿದಾಗ ಮಿಕ್ಕ ನೀರು ಒಡ್ಡಿನ ಮೇಲೇ ಹರಿದುಹೋಗುತ್ತದೆ. ತಿರುಗಿದ ನೀರು ಗುಡ್ಡದ ಬುಡ ಹಿಡಿದು, ಗುಡಿಗಳ ನೆಲೆಗೂ ಅರಮನೆಗಳ ನೆಲೆಗೂ ನಡುವಿನ ಕಣಿವೆಯಲ್ಲಿ ಸಾಗುತ್ತದೆ. ಏತವಿಲ್ಲ, ಪಂಪಿಲ್ಲ, ಇಳಿಜಾರಿನ ಲೆಕ್ಕವೊಂದೇ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೋಟೆಯ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳನ್ನು ಕಂಡು ಬರೆದ. ಗೋಡೆಯೊಳಗೆ ಹೀಗೆ ಬೆಳೆ ಬೆಳೆಯಬೇಕಾದರೆ ನೀರು ಗೋಡೆಯೊಳಕ್ಕೆ ಬರಲೇಬೇಕು.

ಕೃಷ್ಣ ಬಜಾರಿನ ಹತ್ತಿರ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯ ಕಟ್ಟಿಸಿದ ಬಾಲಕೃಷ್ಣನ ಗುಡಿ ಒಂದು ಕಡೆ, ಬಾಳೆತೋಟ ಇನ್ನೊಂದು ಕಡೆ. ಅಲ್ಲಿಂದ ತುಸು ದೂರದಲ್ಲಿ 1528ರ ಲಕ್ಷ್ಮೀನರಸಿಂಹ. ಪಕ್ಕದಲ್ಲೇ ಬಡವಿಲಿಂಗ; ಕಾಲುವೆಯ ನೀರು ಗರ್ಭಗುಡಿಯೊಳಗೇ ಹಾಯುವುದರಿಂದ ಆ ಏಕಶಿಲಾ ಲಿಂಗದ ಪೀಠ ನೀರಿನಲ್ಲೇ ಇರುತ್ತದೆ. ಹೊಲಕ್ಕೆ ಹೋಗುವ ನೀರು ದೇವರನ್ನು ಮುಟ್ಟಿ ಹೋಗಲೆಂದು ಬಯಸಿದವರ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅರಮನೆಗಳ ನೆಲ ಎತ್ತರದ್ದು. ಅಲ್ಲಿಗೆ ನೀರು ಬೇರೆ ದಾರಿಯಲ್ಲಿ, ಕಲ್ಲುಕಂಬಗಳ ಮೇಲೆ ಹಾಸಿದ ದೋಣಿಗಳಲ್ಲಿ ಬರುತ್ತಿತ್ತು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಬಳಿ ಆ ಸಾಲು ಈಗಲೂ ನಿಂತಿದೆ, ನೀರಿಲ್ಲ. 1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಅರಮನೆ ಬರಿದಾಯಿತು, ಅದರ ನೀರಿನ ದಾರಿಯೂ ಬತ್ತಿತು. ಕಣಿವೆಯ ಕಾಲುವೆ ಮಾತ್ರ ಉಳಿಯಿತು, ಏಕೆಂದರೆ ಅದನ್ನು ನಂಬಿದ ರೈತರು ಅಲ್ಲೇ ಇದ್ದರು. ಹೂಳು ಎತ್ತದ, ಏರಿ ಕಟ್ಟದ ಮಣ್ಣಿನ ಕಾಲುವೆ ಬಹಳ ಕಾಲ ಬಾಳದು. ಸಾಮ್ರಾಜ್ಯದ ಹೆಸರು ಹೇಳದ ಸಾವಿರಾರು ಕೈಗಳು ಆ ಕೆಲಸವನ್ನು ತಲೆಮಾರುಗಳ ತನಕ ಮಾಡಿವೆ.

1986ರಿಂದ ಹಂಪಿ ವಿಶ್ವ ಪರಂಪರೆಯ ತಾಣ. ಆ ಗೌರವದಲ್ಲಿ ಗುಡಿ ಕಡೆದ ಶಿಲ್ಪಿಗಳಿಗೆ ಸಲ್ಲುವಷ್ಟೇ ಪಾಲು ಗುದ್ದಲಿ ಹಿಡಿದ ಈ ರೈತರಿಗೂ ಸಲ್ಲಬೇಕು. ಗುಡಿಗಳ ರಕ್ಷಣೆಯ ಯೋಜನೆ ಬರೆಯುವಾಗ ಗದ್ದೆಗೆ ನೀರು ಕಟ್ಟುವವರನ್ನೂ ಕೂರಿಸಿಕೊಂಡು ಬರೆಯಲಿ.