ಪಾರ್ಶ್ವಾರಂಭದ ರಸಿಕನಿಗೆ

ಚದುರಂಗದ ಕ್ಲಬ್ಬಿಗೆ ಬಂದು, ಮೊದಲ ಹತ್ತು ನಡೆಗಳೊಳಗೆ ಒಂದು ಕಾಯಿಯೂ ಬೀಳಲಿಲ್ಲವೆಂದು ಆಕಳಿಸಿ, ಪಕ್ಕದ ಮೇಜಿನಲ್ಲಿ ಯಾರೋ ಮಂತ್ರಿಯನ್ನು ಬಲಿಗೊಟ್ಟರೆಂದು ಅತ್ತ ಧಾವಿಸುವ ಪ್ರೇಕ್ಷಕರನ್ನು ಕಂಡಾಗ ನನಗೆ ಉಂಟಾಗುವ ಬೇಸರ ಅಷ್ಟಿಷ್ಟಲ್ಲ. ರಾಜನ ಮುಂದಣ ಕಾಲಾಳನ್ನು ನೂಕದೆ ಸಿ-4 ಎಂದು ಪಾರ್ಶ್ವದಿಂದ ತೊಡಗುವುದು ಇವರಿಗೆ ಹೇಡಿತನವಾಗಿ ತೋರುತ್ತದೆ. 1843ರಲ್ಲಿ ಪ್ಯಾರಿಸ್ಸಿನಲ್ಲಿ ಸೇಂತ್ ಅಮಾನನನ್ನು ಸೋಲಿಸಿದ ಸ್ಟಾಂಟನ್ ಈ ನಡೆಯನ್ನು ಆಡಿದ್ದನೆಂಬುದಾಗಲಿ, ಕಲ್ಕತ್ತೆಯ ಮಹೇಶಚಂದ್ರ ಬಂದ್ಯೋಪಾಧ್ಯಾಯರು ಕಾಕ್ರೇನನೆದುರು ಒಂಟೆಯನ್ನು ಅಂಚಿನಲ್ಲಿ ನಿಲ್ಲಿಸಿ ಆಡುತ್ತಿದ್ದರೆಂಬುದಾಗಲಿ ಇವರಿಗೆ ಬೇಕಾಗಿಲ್ಲ.

ಈ ಆರಂಭದಲ್ಲಿ ನೋಡತಕ್ಕದ್ದು ಜಿ-2ರ ಒಂಟೆಯನ್ನು. ಕ್ಲಬ್ಬಿನ ಸಾಧಾರಣ ಆಟವೊಂದನ್ನೇ ತೆಗೆದುಕೊಳ್ಳಿ: ಕಪ್ಪಿನವನು ಇ-5, ಡಿ-5 ಎಂದು ನಡುಮನೆಗಳಿಗೆ ನುಗ್ಗುತ್ತಾನೆ, ಬಿಳಿಯವನು ಸಿ ಸಾಲಿನ ಕಾಲಾಳನ್ನು ಡಿ ಕಾಲಾಳಿಗೆ ವಿನಿಮಯ ಮಾಡಿ, ಆನೆಗೆ ದಾರಿ ತೆರವು ಮಾಡಿಕೊಂಡು, ಡಿ-3, ಎ-3, ಬಿ-4 ಎಂದು ಸಾವಧಾನವಾಗಿ ಸಾಗುತ್ತಾನೆ. ಒಂಟೆಯ ಕರ್ಣಪಥಕ್ಕೆ ಎಫ್-3ರಲ್ಲಿ ಸ್ವಪಕ್ಷದ ಕುದುರೆಯೇ ಅಡ್ಡ. ಆಚೆ ಸಿ-6ರಲ್ಲಿ ಶತ್ರುವಿನ ಕುದುರೆ, ಅದರ ಬೆನ್ನಿಗೆ ಬಿ-7ರ ಕಾಲಾಳು, ಅದಕ್ಕೂ ಹಿಂದೆ ಮೂಲೆಯ ಆನೆ. ಬಿ-5ಕ್ಕೆ ಬಂದ ಕಾಲಾಳು ಆ ಕುದುರೆಯನ್ನು ಎಬ್ಬಿಸಿ, ಬಿಳಿಯ ಕುದುರೆಯೂ ಡಿ-2ಕ್ಕೆ ಸರಿದ ಕ್ಷಣದಲ್ಲಿ, ಅದುವರೆಗೆ ಯಾರ ಗಮನಕ್ಕೂ ಬಾರದೆ ನಿಂತಿದ್ದ ಒಂಟೆ ತಾನು ಒಂದು ಮನೆಯೂ ಕದಲದೆ ಹಲಗೆಯ ಅರ್ಧಭಾಗಕ್ಕೆ ಅಧಿಪತಿಯಾಗುತ್ತದೆ. ಈ ಗಳಿಗೆಯನ್ನು ಮುಂಗಂಡು, ಆಡುವವನೊಡನೆ ಕಾದು ಕುಳಿತವನೇ ರಸಿಕ.

ನನ್ನ ಕಣ್ಣು ತೆರೆದದ್ದು ತಾರುಣ್ಯದಲ್ಲಿ, 1924ರ ನ್ಯೂಯಾರ್ಕ್ ಪಂದ್ಯಾವಳಿಯ ಆಟಗಳನ್ನು ಹಲಗೆಯ ಮೇಲೆ ಆಡಿ ನೋಡಿದಾಗ. ಎಂಟು ವರ್ಷ ಸೋಲನ್ನೇ ಕಾಣದಿದ್ದ ಜಗಜ್ಜೇತ ಕಾಪಾಬ್ಲಾಂಕಾನನ್ನು ರಿಚರ್ಡ್ ರೇಟಿ ಎರಡು ಒಂಟೆಗಳನ್ನೂ ಅಂಚುಗಳಲ್ಲಿರಿಸಿ ಮಣಿಸಿದನು. ಲಾಸ್ಕರನೆದುರು ಅವನು ಮಂತ್ರಿಯನ್ನೇ ಎ-1ರ ಮೂಲೆಗೆ ಕಳುಹಿಸಿ, ಬಿ-2ರ ಒಂಟೆಗೆ ಬೆಂಬಲವಾಗಿ ನಿಲ್ಲಿಸಿದನು; ಆ ಆಟವನ್ನು ಅವನು ಸೋತನಾದರೂ, ಆ ನಡೆಯ ಧೈರ್ಯ ನನ್ನ ಮನಸ್ಸಿನಿಂದ ಇಂದಿಗೂ ಮಾಸಿಲ್ಲ. ಮುಂದೆ ನಮ್ಮ ಕ್ಲಬ್ಬಿನ ವೃದ್ಧ ಗುಮಾಸ್ತರೊಬ್ಬರು ಇದೇ ಕ್ರಮದಲ್ಲಿ ಆಡಿ, ಬಿ-7ರ ಒಂದೇ ಕಾಲಾಳನ್ನು ಗೆದ್ದುಕೊಂಡು, ಅಷ್ಟನ್ನೇ ಹಿಡಿದು ಕಡೆಯಾಟವನ್ನು ಗೆದ್ದರು. ನೋಡಲು ಉಳಿದಿದ್ದವನು ನಾನೊಬ್ಬನೇ.

ಬಿ-3, ಎಫ್-4 ಮೊದಲಾದ ಪಾರ್ಶ್ವಾರಂಭಗಳೂ ಉಂಟು. ಅವನ್ನು ಆಮೇಲೆ ಕಲಿಯಬಹುದು. ಐದು ನಿಮಿಷದ ಅವಸರದ ಆಟಗಳಲ್ಲಿ ಮಾತ್ರ ಒಂಟೆಯ ಈ ಗಳಿಗೆಯನ್ನು ಅರಸಬೇಡಿ. ಅಲ್ಲಿ ಗಡಿಯಾರ ಗೆಲ್ಲುತ್ತದೆ, ಒಂಟೆಯಲ್ಲ. ಮುಂದಿನ ಬಾರಿ ಕ್ಲಬ್ಬಿನಲ್ಲಿ ಸಿ-4 ಎಂದು ತೊಡಗಿದ ಮೇಜು ಕಂಡರೆ, ದಯವಿಟ್ಟು ಮೂವತ್ತು ನಡೆ ಮುಗಿಯುವವರೆಗೆ ಅಲ್ಲಿಂದ ಏಳಬೇಡಿ. ಕುದುರೆ ಎಫ್-3ನ್ನು ಬಿಟ್ಟೊಡನೆ ಬಿ-7ರ ಕಡೆ ನೋಡಿ.